ಗೇರುಹಣ್ಣಿನ ಈಸ್ಟೂ ಅಪ್ಪನ ಬನ್ನೂ

ನಾನೀಗ ಹೇಳುವುದನ್ನು ನೀವು ನಂಬುವುದಿಲ್ಲ. ನನ್ನ ಪಕ್ಕದ ಬೆಂಚಿನವಳೇ ನಂಬಲಿಲ್ಲ, ಇನ್ನು ನೀವು ಯಾವ ಲೆಕ್ಕ. ಹದಿನೇಳನೇ ವಯಸ್ಸಿಗೆ ನಾನು ಜೀವಕೋಶ ಸಂಶೋಧನೆಯ ಕ್ಷೇತ್ರದಿಂದ ನಿವೃತ್ತಳಾಗಿದ್ದೇನೆ. ಯಾರೂ ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, ಮೈಕು ಹಿಡಿದು ನನ್ನ ಸೇವೆಯನ್ನು ಕೊಂಡಾಡಲಿಲ್ಲ. ಆದರೂ ಎಂಟು, ಒಂಬತ್ತರಲ್ಲಿ ಓದುತ್ತಾ ವಿಜ್ಞಾನಿಯಾಗುವ ಆಸೆಯಲ್ಲಿ ಕನ್ನಡಿಯೆದುರು ಬಿಳಿ ಕೋಟು ಹಾಕಿ ನೋಡಿಕೊಳ್ಳುವವರಿಗೆ ಈ ಕೆಲಸದ ನಿಜ ಸಂಗತಿ ತಿಳಿಸುವವರು ಬೇಕಲ್ಲ? ಹಿರಿಯಳಾದ ನಾನೇ ತಿಳಿಸುತ್ತೇನೆ. ಮೊದಲು ಆ ಕೋಟು ತೆಗೆದಿಡಿ. ಬೇಕಾಗುವುದು ಒಂದು ಕುಕ್ಕರು, ಹಳೆ ಬಟ್ಟೆ, ಕೊಳೆತ ಹಣ್ಣಿನ ವಾಸನೆಗೆ ಹೆದರದ ಮೂಗು.

ನನ್ನ ಸೇವಾವಧಿ ಮೊದಲ ಪಿಯುಸಿ ಪರೀಕ್ಷೆ ಮುಗಿದ ದಿನದಿಂದ ಕಾಲೇಜು ಮತ್ತೆ ತೆರೆಯುವವರೆಗೆ. ಬಡ್ತಿಯ ವಿಷಯ ವಿಸ್ತರಿಸುವುದಿಲ್ಲ. ಬಾಟಲಿ ತೊಳೆಯುವ ಹುದ್ದೆಗೆ ಸೇರಿದೆ, ಬ್ರಶ್ಶಿನಲ್ಲಿ ಬಾಟಲಿ ತೊಳೆಯುವ ಹುದ್ದೆಗೆ ಏರಿದೆ. ಅಷ್ಟೇ.

ಮೇಲಧಿಕಾರಿ ಶ್ರದ್ಧಕ್ಕ, ಮೆಣಸೆಯ ದೊಡ್ಡಪ್ಪನ ಮಗಳು. ಎಂ.ಎಸ್ಸಿ. ಮುಗಿಸಿ, ಬಾಳಗಡಿಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಾ, ಕೊಪ್ಪದ ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ಕೂತಲ್ಲಿ ಕೂತಿದ್ದಾಗ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಓದುವಾಗ ನಡೆಯುತ್ತಾಳೆ, ಫೋನಿನಲ್ಲಿ ಮಾತಾಡುವಾಗ ನಡೆಯುತ್ತಾಳೆ, ಊಟ ಮಾಡುವಾಗ ಕಾಲು ಕುಣಿಸುತ್ತಾಳೆ. ಅವಳು ನಡೆದೇ ನಮ್ಮ ಹಜಾರದ ನೆಲ ಸವೆದಿದೆ ಎಂದು ಅಮ್ಮ ಹೇಳುತ್ತಾಳೆ. ನಾನು ಅಳೆದು ನೋಡಿಲ್ಲ, ಆದರೆ ಅಲ್ಲಿ ನೀರು ಚೆಲ್ಲಿದರೆ ನಿಲ್ಲುತ್ತದೆ.

ಆ ಚಡಪಡಿಕೆಗೆ ಕಾರಣವಿತ್ತು. ದೂರದ ಊರಿನ ಒಂದು ಲ್ಯಾಬಿನವರು ಈಸ್ಟ್ ಜೀವಕೋಶಗಳ ಮೇಲೆ ಪಿಎಚ್‌ಡಿ ಮಾಡುವವರನ್ನು ಕರೆದಿದ್ದರು. ಶ್ರದ್ಧಕ್ಕ ಅರ್ಜಿ ಹಾಕಿದ್ದಳು, ಸಂದರ್ಶನಕ್ಕೂ ಕರೆ ಬಂದಿತ್ತು. ಅದಕ್ಕೆ ಮುಂಚೆ ಬೇರೆ ಎರಡು ಕಡೆ ಹೋಗಿ ಬಿದ್ದು ಬಂದಿದ್ದಳು. ಎರಡೂ ಕಡೆ ಒಂದೇ ಪ್ರಶ್ನೆ: ನೀವೇ ಕಣ್ಣಾರೆ ಕಂಡು, ಉತ್ತರ ಗೊತ್ತಾಗದೆ ನಿದ್ದೆಗೆಟ್ಟ ಒಂದು ವಿಷಯ ಹೇಳಿ. ಇವಳು ಎರಡೂ ಕಡೆ ಪುಸ್ತಕದಲ್ಲಿದ್ದದ್ದನ್ನು ಹೇಳಿದ್ದಳು. ಅವಳ ಕ್ಲಾಸಿಗೆಲ್ಲ ಸೇರಿ ಇದ್ದದ್ದು ಒಂದು ಮೈಕ್ರೋಸ್ಕೋಪು, ಅದರಲ್ಲಿ ಕಣ್ಣಾರೆ ಕಂಡದ್ದು ಮುಂದೆ ನಿಂತವಳ ಜಡೆ. ಫೆಲೋಶಿಪ್ಪಿಗೆಂದು ಬರೆದ ದೊಡ್ಡ ಪರೀಕ್ಷೆಯ ಅರ್ಹತೆ ಆ ವರ್ಷಕ್ಕೇ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಅದನ್ನೂ ಮೊದಲಿಂದ ಬರೆಯಬೇಕು.

"ಈಸ್ಟ್ ಅಂದ್ರೆ ಅಪ್ಪ ಬನ್ನಿಗೆ ಹಾಕ್ತಾನಲ್ಲ, ಅದೇ ತಾನೆ? ಅದ್ರಲ್ಲಿ ಡಾಕ್ಟ್ರಾಗೋದು ಎಂತಕ್ಕೆ ಮಾರಾಯ್ತಿ?" ಎಂದು ನಾನು ಕೇಳಿದೆ.

"ನಿನ್ನ ಮೈಯಲ್ಲಿರೋ ಜೀವಕೋಶ ಒಂದಿದ್ದದ್ದು ಹೆಂಗೆ ಎರಡಾಗತ್ತೆ, ಒಳಗಿನ ಸಾಮಾನೆಲ್ಲ ಹೆಂಗೆ ಪಾಲಾಗತ್ತೆ, ಮುದಿಯಾದ್ರೆ ಎಂತಾಗತ್ತೆ, ಇದನ್ನೆಲ್ಲ ನಿನ್ನ ಕೊಯ್ದು ನೋಡ್ಲಾ?"

"ಬೇಡ."

"ಈಸ್ಟಲ್ಲಿ ನೋಡ್ಬಹುದು. ಒಳಗಿನ ವ್ಯವಸ್ಥೆ ಸುಮಾರಾಗಿ ನಮ್ಮದರ ಹಂಗೇ. ಸಕ್ಕರೆ ಕೊಟ್ರೆ ಬೆಳೆಯತ್ತೆ, ನಿನ್ನಂಗೆ ಎದುರುತ್ತರ ಕೊಡಲ್ಲ."

ಹೀಗೆ ನನ್ನ ನೇಮಕಾತಿಯಾಯಿತು. ಕಾಡಿನ ಹಣ್ಣು, ಹೂವಿನ ಮೇಲಿರುವ ಈಸ್ಟನ್ನು ಹಿಡಿದು, ಬೆಳೆಸಿ, ಅದರಲ್ಲಿ ಏನಾದರೂ ವಿಚಿತ್ರ ಕಂಡರೆ ಅದನ್ನೇ ಸಂದರ್ಶನದಲ್ಲಿ ಹೇಳುವುದೆಂದು ತೀರ್ಮಾನ. ಕೆಲಸದ ಜಾಗ ಅಪ್ಪನ ಬೇಕರಿ. ಮುಂದೆ ಬೇಕರಿ, ಹಿಂದೆ ಮನೆ, ಮಧ್ಯೆ ಹಿಟ್ಟು ಉಬ್ಬಲು ಇಡುವ ಬೆಚ್ಚನೆಯ ಕೋಣೆ. ಈಸ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಕೊಪ್ಪ ತಾಲೂಕಿನಲ್ಲಿಲ್ಲ. ತೊಂದರೆ ಒಂದೇ, ಆ ಕೋಣೆಗೆ ಅಪ್ಪ ಮತ್ತು ಬೇಕರಿ ಕೆಲಸದ ಮಂಜಣ್ಣ ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಅವರಿಬ್ಬರೂ ಕಾಲು ತೊಳೆದೇ ಒಳಗೆ ಹೋಗಬೇಕು. ಗರ್ಭಗುಡಿಗೂ ಅಷ್ಟು ನಿಯಮ ಇರಲಿಕ್ಕಿಲ್ಲ. ಅದಕ್ಕೇ ಅಪ್ಪನಿಗೆ ಹೇಳಲಿಲ್ಲ. ಶ್ರದ್ಧಕ್ಕ ಹೇಳೋಣ ಎಂದಳು. ನಾನು, ಸೀಟು ಸಿಕ್ಕಿದ ಮೇಲೆ ಹೇಳಿದರೆ ಬೈಗುಳ ಅರ್ಧ ಕಡಿಮೆಯಾಗುತ್ತದೆ ಎಂದು ಬುದ್ಧಿ ಹೇಳಿದೆ. ಅನುಭವಿಗಳ ಮಾತು.

ಮೊದಲ ಕೆಲಸ, ಈಸ್ಟಿಗೆ ಊಟ ತಯಾರಿಸುವುದು. ದೊಡ್ಡ ಲ್ಯಾಬುಗಳಲ್ಲಿ ಡಬ್ಬಿಯಲ್ಲಿ ಪುಡಿ ಬರುತ್ತದಂತೆ. ನಾವು ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಚೈನಾ ಗ್ರಾಸ್ ಹಾಕಿ, ಗಾಜಿನ ಬಟ್ಟಲುಗಳಿಗೆ ಸುರಿದು, ಮುಚ್ಚಿ, ಕುಕ್ಕರಿನಲ್ಲಿಟ್ಟು ಸೀಟಿ ಹೊಡೆಸಿದೆವು. ತಣ್ಣಗಾದ ಮೇಲೆ ಥಳಥಳ ಹೊಳೆಯುವ ಜೆಲ್ಲಿ. ಅದರ ಮೇಲೆ ಒಂದು ಸೂಕ್ಷ್ಮಜೀವಿಯೂ ಇರುವಂತಿಲ್ಲ, ಉಸಿರು ಬಿಡಬೇಡ ಎಂದಳು ಶ್ರದ್ಧಕ್ಕ. ನಾನು ಉಸಿರು ಬಿಗಿಹಿಡಿದು ನೀಲಿಯಾಗಿ, ಬಟ್ಟಲುಗಳನ್ನು ಬೇಕರಿಯ ಕಿಟಕಿಯ ಬಳಿ ಆರಲು ಇಟ್ಟು ಹೊರಗೆ ಓಡಿದೆ.

ವಾಪಸ್ ಬಂದಾಗ ಮಂಜಣ್ಣ ಚಮಚ ನೆಕ್ಕುತ್ತಾ ನಿಂತಿದ್ದ.

"ಯಾರು ಮಾಡಿದ್ದೇ ಈ ಜೆಲ್ಲಿ? ಸಪ್ಪೆ ಸಪ್ಪೆ. ಆಲೂಗಡ್ಡೆ ವಾಸ್ನೆ ಬೇರೆ."

"ಮಂಜಣ್ಣ, ಉಳಿದದ್ದೆಲ್ಲಿ?"

"ಹಂಗೇ ಇಟ್ರೆ ಯಾರು ತಗೊಳ್ತಾರೆ ಅಂತ ಟೂಟಿ ಫ್ರೂಟಿ ಹಾಕಿ ಗಾಜಿನ ಕಪಾಟಲ್ಲಿ ಇಟ್ಟಿದೀನಿ. ಒಬ್ರು ಮೇಷ್ಟ್ರು ತಿಂದು ಶುಗರಿನವ್ರಿಗೆ ಭಾರಿ ಒಳ್ಳೇದು ಅಂತ ಇನ್ನೊಂದು ಕಟ್ಟಿಸ್ಕೊಂಡು ಹೋದ್ರು."

ಅಂದಿನಿಂದ ಕಾರ್ಯವಿಧಾನ ಬದಲಾಯಿತು. ಪ್ರತಿ ಬಟ್ಟಲಿನ ಮೇಲೂ 'ಇಲಿ ಪಾಷಾಣ' ಎಂದು ಚೀಟಿ ಅಂಟಿಸಿದೆ. ಮಂಜಣ್ಣ ಹತ್ತಿರ ಸುಳಿಯಲಿಲ್ಲ. ಆದರೆ ಮನೆಯ ಹಿಂದಿನ ಕಪಾಟಿನಲ್ಲಿ ಅಷ್ಟು ಬಟ್ಟಲು ನೋಡಿದ ಅಪ್ಪ, "ಎಂತ ಮಾರಾಯ್ತಿ, ನಮ್ಮನೇಲಿ ಇಲಿ ಇದಾವಾ, ಹೆಗ್ಗಣದ ಸೈನ್ಯ ಇದ್ಯಾ?" ಎಂದು ಮೂರು ದಿನ ಅಕ್ಕಿ ಮೂಟೆಗಳನ್ನು ಎತ್ತಿ ಎತ್ತಿ ನೋಡಿದ.

ಹೊರಗಿನ ಕೆಲಸದ ಬಗ್ಗೆಯೂ ಕೇಳಿ. ಮೆಣಸೆಯಲ್ಲಿ ಒಡೆದು ಬಿದ್ದ ಹಲಸಿನ ಹಣ್ಣಿನಿಂದ ಒಂದಿಷ್ಟು ರಸ ತೆಗೆಯಲು ಹೋದಾಗ ಒಂದು ಮಂಗ ನನ್ನನ್ನು ದಿಟ್ಟಿಸಿ ನೋಡಿತು. ನನ್ನ ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿ, ಅದರ ಕೈಯಲ್ಲಿ ತೊಳೆ. ಯಾರು ಬುದ್ಧಿವಂತರು ಎಂಬ ಬಗ್ಗೆ ಅದಕ್ಕೆ ಯಾವ ಗೊಂದಲವೂ ಇರಲಿಲ್ಲ.

ಮುತ್ತಿನಕೊಪ್ಪದ ಪ್ರಯಾಣ ನನ್ನ ವೃತ್ತಿಜೀವನದ ಮರೆಯಲಾಗದ ಪ್ರಕರಣ. ಅಲ್ಲಿ ಒಬ್ಬರ ಜಮೀನಿನಲ್ಲಿ ಗೇರುಹಣ್ಣು ಉದುರಿ ಕೊಳೆಯುತ್ತಿತ್ತು. ಕೊಳೆತಷ್ಟೂ ನಮಗೆ ಸಂತೋಷ. ಮುಚ್ಚಳವಿದ್ದ ಡಬ್ಬಿಗಳಲ್ಲಿ ತುಂಬಿ, ಚೀಲಕ್ಕೆ ಹಾಕಿ ಎನ್.ಆರ್. ಪುರದ ಬಸ್ಸು ಹತ್ತಿದೆವು. ಬಿಸಿಲು, ಜನ, ತಿರುವು. ಚೀಲದೊಳಗೆ ಈಸ್ಟು ತನ್ನ ಕೆಲಸ ಶುರುಮಾಡಿತು. ಗ್ಯಾಸು ತುಂಬಿ ಒಂದು ಮುಚ್ಚಳ 'ಟಪ್' ಎಂದು ಹಾರಿತು. ಬಸ್ಸಿಡೀ ಹೆಂಡದಂಗಡಿಯ ವಾಸನೆ.

ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಮೂಗರಳಿಸಿದ. "ಯಾರ್ರೀ ಅದು, ಹಾಡಹಗಲೇ ಹಾಕ್ಕೊಂಡು ಹತ್ತಿರೋದು?"

ಎಲ್ಲರ ಕಣ್ಣೂ ನಮ್ಮ ಮುಂದಿನ ಸೀಟಿನಲ್ಲಿದ್ದ ಬಿಳಿ ಪಂಚೆಯ ಹಿರಿಯರ ಮೇಲೆ ಬಿತ್ತು. ಪಾಪ, ಗೃಹಪ್ರವೇಶಕ್ಕೆ ಹೊರಟಿದ್ದವರು.

"ನಾನು ಟೀನೂ ಕುಡಿಯಲ್ಲ ಮಾರಾಯಾ!"

"ಇದು ಟೀ ವಾಸ್ನೆ ಅಲ್ಲ ಬಿಡಿ."

ಪಕ್ಕದಲ್ಲಿದ್ದ ಅವರ ಹೆಂಡತಿ ಗಂಡನ ಪರ ನಿಂತರು. "ದೇವ್ರಾಣೆ ಇವ್ರು ಮುಟ್ಟಲ್ಲ. ಮದುವೆಯಾದಾಗಿಂದ ನಾನು ನೋಡಿಲ್ಲ." ಆಮೇಲೆ ಇನ್ನೊಮ್ಮೆ ಮೂಸಿ, ದನಿ ತಗ್ಗಿಸಿ, "ಅಲ್ಲ, ಕೊಟ್ಟಿಗೆ ಹತ್ರ ಅಷ್ಟು ಹೊತ್ತು ಎಂತ ಮಾಡ್ತಿದ್ರಿ?" ಎಂದರು.

ನಾನು ಶ್ರದ್ಧಕ್ಕನ ಕಾಲು ತುಳಿದೆ. ಸುಮ್ಮನಿದ್ದರೆ ಎನ್.ಆರ್. ಪುರ ಬರುತ್ತದೆ, ಇಳಿದು ಹೋಗಬಹುದು ಎಂದು ಅದರ ಅರ್ಥ. ಅವಳು ಎದ್ದು ನಿಂತಳು.

"ಅವ್ರದ್ದಲ್ಲ, ವಾಸನೆ ನಮ್ದು. ಸಂಶೋಧನೆಗೆ."

"ಓಹೋ," ಎಂದ ಕಂಡಕ್ಟರು, "ಈಗ ಇದಕ್ಕೆ ಸಂಶೋಧನೆ ಅಂತಾರಾ?"

ಮೇಲಧಿಕಾರಿಯ ಈ ಗುಣ ನನಗೆ ಆಗಲೇ ಸರಿ ಕಾಣಲಿಲ್ಲ. ಸುಮ್ಮನಿದ್ದರೆ ತಪ್ಪಿಸಿಕೊಳ್ಳಬಹುದಾದಲ್ಲೆಲ್ಲ ಎದ್ದು ನಿಲ್ಲುವ ಗುಣ.

ರಸ ಹಚ್ಚಿದ ಬಟ್ಟಲುಗಳಲ್ಲಿ ಏನಾದರೂ ಮೂಡಲು ಕಾಯಬೇಕು. ಎಳೆಯರೇ, ಈ ವೃತ್ತಿಯಲ್ಲಿ ಅತಿ ಕಷ್ಟದ ಭಾಗ ಇದೇ. ಏನೂ ಮಾಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಶ್ರದ್ಧಕ್ಕ ಹಜಾರದಲ್ಲಿ ನಡೆದಳು. ನಾನು ಕಪಾಟಿನ ಬಾಗಿಲು ತೆಗೆದೆ, ಹಾಕಿದೆ, ತೆಗೆದೆ. ಹಲಸಿನ ಬಟ್ಟಲಲ್ಲಿ ಕಪ್ಪು ಬೂಷ್ಟು ಬಂತು. ಹೂವಿನ ಬಟ್ಟಲಲ್ಲಿ ಹಸಿರು ಬೂಷ್ಟು ಬಂತು. ಒಂದರಲ್ಲಿ ಇರುವೆ ಬಂದು ಈಜಾಡಿ ಹೋಯಿತು. ಕೊನೆಗೆ ಗೇರುಹಣ್ಣಿನ ಬಟ್ಟಲಲ್ಲಿ ಗಟ್ಟಿ ಮೊಸರಿನ ಹನಿಗಳಂಥ ಬಿಳಿ ಚುಕ್ಕೆಗಳು ಮೂಡಿದವು.

ಕಾಲೇಜಿನ ಹಳೆಯ ಮೈಕ್ರೋಸ್ಕೋಪನ್ನು ಶ್ರದ್ಧಕ್ಕ ಕೇಳಿ ತಂದಿದ್ದಳು. ನೋಡಿದವಳು ನೋಡುತ್ತಲೇ ನಿಂತಳು. ಅವಳ ಕಾಲು ಕುಣಿಯುವುದು ನಿಂತಿತು. ನನಗೆ ಹೆದರಿಕೆಯೇ ಆಯಿತು.

"ನೋಡು," ಎಂದಳು. "ಈಸ್ಟಲ್ಲಿ ತಾಯಿ ಕೋಶದಿಂದ ಮೊಗ್ಗಿನ ಹಂಗೆ ಮಗಳು ಕೋಶ ಹುಟ್ಟತ್ತೆ. ದೊಡ್ಡದಾದ ಮೇಲೆ ಕಳಚ್ಕೊಂಡು ತನ್ನ ದಾರಿ ತಾನು ಹಿಡಿಯತ್ತೆ. ಇವು ಕಳಚ್ಕೊಂಡೇ ಇಲ್ಲ."

ನಾನೂ ನೋಡಿದೆ. ಹೋಲಿಸಲೆಂದು ಮೊದಲೇ ನೋಡಿದ್ದ ಅಪ್ಪನ ಈಸ್ಟಿನಲ್ಲಿ ಕೋಶಗಳು ಒಂದೊಂದೇ ಸಾಬಕ್ಕಿಯಂತೆ ಬಿಡಿಬಿಡಿ ಇದ್ದವು. ಇಲ್ಲಿ ತಾಯಿಗೆ ಮಗಳು, ಮಗಳಿಗೆ ಮೊಮ್ಮಗಳು, ಅವಳಿಗೆ ಮರಿಮಗಳು, ಎಲ್ಲ ಅಂಟಿಕೊಂಡು ಒಂದು ಅಡಿಕೆ ಗೊನೆ.

"ಒಟ್ಟು ಕುಟುಂಬ," ಎಂದೆ.

"ಆಮೇಲೆ ಬಂದು ಅಂಟ್ಕೊಂಡಿದಾವಾ, ಹುಟ್ಟಿದಲ್ಲೇ ಬಿಟ್ಟುಹೋಗದೆ ಉಳ್ದಿದಾವಾ? ಅದು ಗೊತ್ತಾಗ್ಬೇಕು." ಅವಳು ಅಂಟು ಬಿಡಿಸುವ ಏನೇನೋ ಹಾಕಿ ತೊಳೆದಳು, ಕುಲುಕಿದಳು. ಗೊನೆ ಬಿಡಲಿಲ್ಲ. ಅಂದರೆ ಬರೀ ಅಂಟಲ್ಲ, ಕಳಚಿಕೊಳ್ಳುವ ಕೆಲಸವೇ ಎಲ್ಲೋ ಕೆಟ್ಟಿದೆ. ಎಲ್ಲಿ, ಯಾಕೆ? ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವಾಗ ಅವಳ ಮುಖ ನೋಡಬೇಕಿತ್ತು, ರ‍್ಯಾಂಕ್ ಬಂದವರ ಮುಖವೂ ಹಾಗಿರುವುದಿಲ್ಲ. ಸಂದರ್ಶನಕ್ಕೆ ಪ್ರಶ್ನೆ ಸಿಕ್ಕಿತ್ತು.

ಈಗ ಅನಾಹುತದ ಕತೆ. ಅಪ್ಪನ ಬೇಕರಿಯಲ್ಲಿ ಒಂದು ಪದ್ಧತಿಯಿದೆ. ದಿನವೂ ಕಲಸಿದ ಹಿಟ್ಟಿನಲ್ಲಿ ಒಂದು ಮುಷ್ಟಿ ತೆಗೆದು ಸ್ಟೀಲ್ ಡಬ್ಬಿಯಲ್ಲಿಟ್ಟು, ಮರುದಿನದ ಹಿಟ್ಟಿಗೆ ಸೇರಿಸುತ್ತಾನೆ. ತಾತನ ಕಾಲದಿಂದ ಬಂದದ್ದು. ಪ್ಯಾಕೆಟ್ಟಿನ ಈಸ್ಟು ಎಷ್ಟೇ ಹಾಕಲಿ, ಈ ಹಳೆ ಹಿಟ್ಟು ಬೀಳದೆ ಬನ್ನಿಗೆ ರುಚಿಯಿಲ್ಲ ಎಂದು ಅವನ ನಂಬಿಕೆ. ನಮ್ಮ ಗೇರು ಈಸ್ಟನ್ನು ಜಾಸ್ತಿ ಬೆಳೆಸಬೇಕಾಗಿತ್ತು. ನಾನು ಅಡುಗೆಮನೆಯಿಂದ ಅಂಥದ್ದೇ ಒಂದು ಸ್ಟೀಲ್ ಡಬ್ಬಿ ತಂದು, ಮೈದಾ ಗಂಜಿಗೆ ಸಕ್ಕರೆ ಹಾಕಿ, ಈಸ್ಟು ಬಿಟ್ಟು, ಬೆಚ್ಚನೆ ಕೋಣೆಯಲ್ಲಿ ಅಪ್ಪನ ಡಬ್ಬಿಯ ಪಕ್ಕದಲ್ಲೇ ಇಟ್ಟೆ. ಎರಡೂ ಒಂದೇ ಥರ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನನ್ನ ಯೋಜನೆ. ಯೋಜನೆ ಪೂರ್ತಿ ಯಶಸ್ವಿಯಾಯಿತು. ಮಂಜಣ್ಣನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ನಮ್ಮ ಡಬ್ಬಿಯನ್ನೇ ಎತ್ತಿ ಹಿಟ್ಟಿಗೆ ಸುರಿದ.

ಅವತ್ತಿನ ಬನ್ನನ್ನು ನೀವು ನೋಡಬೇಕಿತ್ತು. ಚಪಾತಿಗೆ ಬನ್ನಿನ ಬಣ್ಣ ಬಳಿದಂತೆ. ವಾಸನೆಯೋ, ಮುತ್ತಿನಕೊಪ್ಪದ ಬಸ್ಸು.

ಅಪ್ಪ ಮೊದಲು ಈಸ್ಟ್ ಪ್ಯಾಕೆಟ್ ತಂದುಕೊಡುವ ಏಜೆಂಟನಿಗೆ ಫೋನಿನಲ್ಲಿ ಬೈದ. ಆಮೇಲೆ ಮೈದಾವನ್ನು ಬೈದ. ಬಾವಿ ನೀರನ್ನು ಮೂಸಿ ನೋಡಿದ. ಮರುದಿನವೂ ಬನ್ನು ಮಲಗಿದಾಗ ಹಿಟ್ಟಿನ ಕೋಣೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. "ಯಾರದ್ದೋ ಕಣ್ಣು ಬಿದ್ದಿದೆ," ಎಂದ. ನಾನು ಆ ಎರಡೂ ಕಣ್ಣುಗಳನ್ನು ನೆಲಕ್ಕೆ ಹಾಕಿ ನಿಂತಿದ್ದೆ.

ಅಷ್ಟರಲ್ಲಿ ಇನ್ನೊಂದು ಏಟು ಬಿತ್ತು. ಗೇರು ಈಸ್ಟಿದ್ದ ಬಟ್ಟಲುಗಳಿಗೆಲ್ಲ ಬೂಷ್ಟು ಹತ್ತಿತ್ತು. ಡಬ್ಬಿಯೊಳಗಿದ್ದದ್ದು ಬನ್ನಾಗಿ ಹೋಗಿತ್ತು. ಸಂದರ್ಶನ ಮುಂದಿನ ವಾರ. ತೋರಿಸಲು ಒಂದು ಗೊನೆಯೂ ಇಲ್ಲ.

ಶ್ರದ್ಧಕ್ಕ ನಡೆಯಲೂ ಇಲ್ಲ. ಗೋಡೆಗೆ ಒರಗಿ ನಿಂತು, "ಮುಗೀತು ಬಿಡೇ," ಎಂದಳು.

"ಎಲ್ಲಿ ಮುಗೀತು? ಅಪ್ಪನ ಹಳೆ ಹಿಟ್ಟಲ್ಲಿ ಇರತ್ತಲ್ಲ. ಆ ಹಾಳಾದ ಬನ್ನಿನ ಹಿಟ್ಟಿಂದಾನೇ ಒಂದು ಮುಷ್ಟಿ ತೆಗೆದಿಟ್ಟಿರ್ತಾನೆ."

ಅವಳು ನನ್ನನ್ನು ನೋಡಿದಳು. ನನ್ನ ಇಡೀ ಸೇವಾವಧಿಯಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಅಪ್ಪ ಆ ಹಿಟ್ಟನ್ನು ಹೊರಗೆಸೆಯುವ ಮೊದಲು ನಿಂಬೆಹಣ್ಣಿನ ಕೆಳಗಿಂದ ನುಗ್ಗಿ ಒಂದು ಉಂಡೆ ತಂದೆ. ಆದರೆ ಅದರಲ್ಲಿ ಅಪ್ಪನ ಈಸ್ಟೂ ಇತ್ತು, ನಮ್ಮದೂ ಇತ್ತು. ಬೇರೆ ಮಾಡುವುದು ಹೇಗೆ? ಶ್ರದ್ಧಕ್ಕ ಸ್ವಲ್ಪ ಯೋಚಿಸಿ, ಕಲ್ಲು ಬೇರೆ ಮಾಡಲು ನೀರಲ್ಲಿ ಅಕ್ಕಿ ಗಾಲಿಸುತ್ತಾರಲ್ಲ, ಹಾಗೇ ಮಾಡೋಣ ಎಂದಳು. ಗೊನೆ ಭಾರ, ಬೇಗ ತಳಕ್ಕೆ ಇಳಿಯುತ್ತದೆ. ಬಿಡಿ ಕೋಶ ಹಗುರ, ಮೇಲೇ ತೇಲುತ್ತಿರುತ್ತದೆ. ಹಿಟ್ಟನ್ನು ಸಕ್ಕರೆ ನೀರಿನಲ್ಲಿ ಬೆಳೆಸಿ, ಕುಲುಕಿ, ಸ್ವಲ್ಪ ನಿಲ್ಲಿಸಿ, ಮೇಲಿನದನ್ನು ಚೆಲ್ಲಿ, ತಳದ್ದನ್ನು ಮತ್ತೆ ಬೆಳೆಸುವುದು. ಮತ್ತೆ ಕುಲುಕು, ಮತ್ತೆ ಚೆಲ್ಲು. ಈ ಉಪಾಯ ನನ್ನದೇ ಎಂದು ನಾನು ಹಲವು ಕಡೆ ಹೇಳಿಕೊಂಡಿದ್ದೇನೆ. ದಯವಿಟ್ಟು ಶ್ರದ್ಧಕ್ಕನನ್ನು ಕೇಳಲು ಹೋಗಬೇಡಿ. ವಾರದ ಕೊನೆಗೆ, ಕಡೆಯ ಬಟ್ಟಲಿನಿಂದ ಹೆಕ್ಕಿದ ಒಂದು ಬಿಳಿ ಚುಕ್ಕೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಮತ್ತೆ ಅದೇ ಗೊನೆ.

ಸಂದರ್ಶನ ಲ್ಯಾಪ್‌ಟಾಪಿನಲ್ಲಿ. ನಮ್ಮಲ್ಲಿ ನೆಟ್‌ವರ್ಕು ಕಡಿಯದೆ ಸಿಗುವುದು ಹಿಟ್ಟಿನ ಕೋಣೆಯ ಕಿಟಕಿಯ ಬಳಿ ಮಾತ್ರ. ಅಪ್ಪ ರಸ್ಕು, ಬ್ರೆಡ್ಡು ಹಾಕಲು ಶೃಂಗೇರಿಗೆ ಹೋಗಿದ್ದ, ಸಂಜೆಯ ತನಕ ಬರುವವನಲ್ಲ. ಮಂಜಣ್ಣನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸಿದೆ. ಮೈದಾ ಮೂಟೆಗಳ ಮೇಲೆ ಲ್ಯಾಪ್‌ಟಾಪು, ಹಿಂದೆ ಬೆಡ್‌ಶೀಟು, ಪಕ್ಕದಲ್ಲಿ ಮೈಕ್ರೋಸ್ಕೋಪು. ಅದರ ಕಣ್ಣಿಗೆ ಫೋನು ಒತ್ತಿ ಹಿಡಿದು ನಾನು.

"ಬನ್ನಿನ ವಿಷ್ಯ ಮಾತ್ರ ಬಾಯಿ ಬಿಡಬೇಡ," ಎಂದೆ. "ಗೇರುಹಣ್ಣಿಂದ ಸೀದಾ ಬಂತು ಅನ್ನು, ಸಾಕು."

ಅವಳು ದುಪಟ್ಟಾ ಸರಿಮಾಡಿಕೊಂಡು ಲಿಂಕು ಒತ್ತಿದಳು.

ಮೂರು ಜನ ಕೂತಿದ್ದರು, ನಡುವೆ ಒಬ್ಬ ಮೇಡಂ. ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದವಳು ನಾನು, ಉಪ್ಪುಖಾರ ನನ್ನದು. ಶ್ರದ್ಧಕ್ಕ ಗೊನೆ ತೋರಿಸಿದಳು. ಮೂವರೂ ಮುಂದೆ ಬಾಗಿದರು. ನನ್ನ ಕೈ ಜೋಮು ಹಿಡಿದಿತ್ತು, ಮೂಗು ತುರಿಸುತ್ತಿತ್ತು, ಕದಲುವಂತಿಲ್ಲ.

"ಇದು ನೇರವಾಗಿ ಹಣ್ಣಿನಿಂದ ಬಂದದ್ದೋ?" ಎಂದರು ಮೇಡಂ.

ನಾನು ಅವಳ ಕಾಲು ತುಳಿದೆ.

"ಇಲ್ಲ ಮೇಡಂ," ಎಂದಳು ಶ್ರದ್ಧಕ್ಕ. "ನಡುವೆ ಒಮ್ಮೆ ಬನ್ನಿನ ಹಿಟ್ಟಿಗೆ ಬಿದ್ದಿತ್ತು. ಅಲ್ಲಿಂದ ಮತ್ತೆ ಹೆಕ್ಕಿದ್ದೇನೆ."

ಅತ್ತ ಒಬ್ಬರು ನಕ್ಕರು. ಮೇಡಂ ನಗಲಿಲ್ಲ. "ಹಾಗಾದರೆ ಮೊದಲಿನದೂ ಇದೂ ಒಂದೇ ಎನ್ನುವುದಕ್ಕೆ ಏನು ಆಧಾರ? ಬೇಕರಿಯ ಈಸ್ಟೇ ಬದಲಾಗಿ ಹೀಗಾಗಿರಬಹುದಲ್ಲ?"

"ಆಧಾರ ಇಲ್ಲ ಮೇಡಂ. ಮೊದಲಿನದು ನನ್ನ ಹತ್ತಿರ ಉಳಿದಿಲ್ಲ."

ಮುಗಿಯಿತು, ಎಂದುಕೊಂಡೆ. ಇವಳ ಜೊತೆ ಕೆಲಸ ಮಾಡುವುದೆಂದರೆ ಇದೇ. ಆದರೆ ಅವಳು ನಿಲ್ಲಿಸಲಿಲ್ಲ. ಎರಡರ ಡಿಎನ್ಎ ಹೋಲಿಸಿದರೆ ತಿಳಿಯುತ್ತದೆ, ಬೇಕರಿಯ ಈಸ್ಟು ತೆಗೆದಿಟ್ಟಿದ್ದೇನೆ ಎಂದಳು. ಮುತ್ತಿನಕೊಪ್ಪದ ಅದೇ ಮರದಡಿ ಮತ್ತೆ ಹೋಗಿ ಹುಡುಕಬಹುದು ಎಂದಳು. ಕಳಚಿಕೊಳ್ಳುವ ಕೆಲಸದ ಯಾವ ಹಂತ ಕೆಟ್ಟಿರಬಹುದೆಂದು ಒಂದೊಂದಾಗಿ ಹೇಳಿದಳು. ಒಂದು ಕಡೆ, ತಾನು ಹಿಂದೆ ಅಂದುಕೊಂಡದ್ದು ತಪ್ಪಿರಬೇಕು ಎಂದೂ ಹೇಳಿ ತಿದ್ದಿಕೊಂಡಳು. ಹೇಳುತ್ತಾ ಹೇಳುತ್ತಾ ಎದ್ದು ನಡೆಯಲು ಹೋದಳು, ನಾನು ದುಪಟ್ಟಾ ಎಳೆದು ಕೂರಿಸಿದೆ.

ಅವರು ಅಲ್ಲಿ ದನಿ ಬಂದ್ ಮಾಡಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬಾಯಿ ಅಲ್ಲಾಡುವುದು ಕಾಣುತ್ತದೆ, ಏನೂ ಕೇಳುವುದಿಲ್ಲ. ನಾನು ಫೋನು ಕೆಳಗಿಟ್ಟು ಕೊನೆಗೂ ಮೂಗು ತುರಿಸಿಕೊಂಡೆ.

ಮೇಡಂ ದನಿ ಮರಳಿತು. "ಪಿಎಚ್‌ಡಿ ಅಂದರೆ ಐದು ವರ್ಷ. ಇದೊಂದೇ ಪ್ರಶ್ನೆಯ ಹಿಂದೆ ಅಷ್ಟು ವರ್ಷ ಕೂರಬಲ್ಲಿರಾ?"

"ಕೂರುವುದು ಕಷ್ಟ ಮೇಡಂ," ಎಂದಳು ಶ್ರದ್ಧಕ್ಕ. "ನಡೆದಾಡುತ್ತಾ ಮಾಡಬಹುದಾದರೆ, ಐದು ಸಾಲದು."

ಈ ಸಲ ಮೇಡಂ ನಕ್ಕರು. "ಪತ್ರ ಆಮೇಲೆ ಬರುತ್ತದೆ. ಜುಲೈಯಲ್ಲಿ ಸೇರಿಕೊಳ್ಳಲು ತಯಾರಿ ಮಾಡಿಕೊಳ್ಳಿ. ಆ ಈಸ್ಟನ್ನು ಜೋಪಾನವಾಗಿ ತನ್ನಿ. ಬೇಕರಿಯದ್ದನ್ನೂ."

ಪರದೆ ಖಾಲಿಯಾಯಿತು. ಶ್ರದ್ಧಕ್ಕ ಮೂಟೆಗೆ ಒರಗಿ ಸುಮ್ಮನೆ ಕೂತಳು, ನಿಜವಾಗಿ ಕೂತಳು, ಎರಡು ಕಾಲೂ ನೆಲಕ್ಕೆ ಊರಿ. ಕಣ್ಣಲ್ಲಿ ನೀರು. ನಾನು ಮೈದಾ ಮೂಟೆ ಹತ್ತಿ ಕುಣಿದೆ, ಕೋಣೆಯಿಡೀ ಬಿಳಿ ಧೂಳೆದ್ದಿತು.

"ಗೆದ್ವಿ ಕಣೇ! ಬನ್ನು ಹಾಳಾಗಿದ್ದೂ ಸಾರ್ಥಕ ಆಯ್ತು! ಪಾಪ, ಆ ಏಜೆಂಟ ಸುಮ್ನೆ ಬೈಸ್ಕೊಂಡ! ನಿಂಬೆಹಣ್ಣು ಕಟ್ಟಿದ್ದಂತೂ..."

ಶ್ರದ್ಧಕ್ಕ ನಗಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ಧೂಳು ಇಳಿಯಿತು. ಬಾಗಿಲಲ್ಲಿ, ಸಂಜೆಗೆ ಬರಬೇಕಿದ್ದ ಅಪ್ಪ, ಕಾಲು ತೊಳೆದುಕೊಂಡು, ಹೆಗಲ ಮೇಲೆ ಹೊಸ ಮೈದಾ ಮೂಟೆ ಹೊತ್ತು ನಿಂತಿದ್ದ. ಮೂಟೆಯನ್ನು ನಿಧಾನಕ್ಕೆ ಕೆಳಗಿಳಿಸಿದ. ಲ್ಯಾಪ್‌ಟಾಪು ನೋಡಿದ, ಮೈಕ್ರೋಸ್ಕೋಪು ನೋಡಿದ, ಸಾಲಾಗಿಟ್ಟಿದ್ದ ಬಟ್ಟಲುಗಳನ್ನು ನೋಡಿದ, ಕೊನೆಗೆ ಮೂಟೆಯ ಮೇಲಿದ್ದ ನನ್ನ ಚಪ್ಪಲಿ ನೋಡಿದ. ನನ್ನ ವೃತ್ತಿಜೀವನದ ಕಟ್ಟಕಡೆಯ ಪ್ರಶ್ನೆಯನ್ನು ಬಹಳ ಮೆತ್ತಗೆ ಕೇಳಿದ:

"ಯಾವ ಬನ್ನು?"